ಪಠ್ಯಕ್ಕೆ ಸೇರದ ಆಸಕ್ತಿಗೆ ವಿದ್ಯಾರ್ಥಿಯ ದಿನದಲ್ಲಿ ಜಾಗವೆಲ್ಲಿದೆ?

ಮಂಡ್ಯ–ಮೈಸೂರು ರೈಲಿನ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಮುಖ್ಯ ವಿಷಯ ರಸಾಯನಶಾಸ್ತ್ರ. ಊರು ಮಂಡ್ಯದ ಪಕ್ಕದ ಹಳ್ಳಿ. ಹಾಸ್ಟೆಲ್ ಸೇರದೆ, ಪಾಸ್ ಮಾಡಿಸಿಕೊಂಡು ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ನನ್ನಂಥವರ ದಿನಚರಿಯನ್ನು ಕಂಡವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ಓಡಾಟದಲ್ಲೇ ಹೊತ್ತು ಹೋಗುತ್ತದೆ, ಓದುವುದಕ್ಕೇ ಸಮಯ ಸಾಲದು, ಇನ್ನು ಹವ್ಯಾಸಕ್ಕೆ ಬಿಡುವೆಲ್ಲಿ ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಆಸಕ್ತಿ ಬೆಳೆದದ್ದೇ ಈ ಓಡಾಟದಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಓದಿದವರು ತಮ್ಮ ಅನುಭವವನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬೆಳಗಿನ ಪ್ಯಾಸೆಂಜರ್ ರೈಲು ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿಗಳಲ್ಲಿ ನಿಂತು ಹೊರಡುವಾಗ ಒಂದೊಂದು ನಿಲ್ದಾಣದಲ್ಲೂ ಹತ್ತುವವರು ಯಾರೆಂದು ನಮಗೆ ಗೊತ್ತಿರುತ್ತದೆ. ಹೂವಿನ ಬುಟ್ಟಿಯವರು, ಆಸ್ಪತ್ರೆಗೆ ಹೊರಟ ವೃದ್ಧರು, ಮೈಸೂರಿನ ಕಾರ್ಖಾನೆಗಳಿಗೆ ಹೋಗುವ ಅಣ್ಣಂದಿರು, ಪರೀಕ್ಷೆಯ ದಿನಗಳಲ್ಲಿ ನಿಂತುಕೊಂಡೇ ಪುಟ ತಿರುವುವ ನಾವು. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವಾದ್ದರಿಂದ ರೈಲು ಹೊಳೆಯನ್ನು ಎರಡು ಬಾರಿ ದಾಟುತ್ತದೆ. ಎರಡು ಸಲವೂ ಯಾರಾದರೊಬ್ಬರು ಕೈಮುಗಿಯುತ್ತಾರೆ. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿದ್ದು ಇಲ್ಲಿಯೇ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಆ ಹಳೆಯ ಕಟ್ಟಡ ಬಿರುಕು ಬಿಡದೆ ಹೇಗೆ ಸರಿಯಿತು ಎಂಬ ಚರ್ಚೆ ಆಗ ಶಾಲೆಗೆ ಹೋಗುತ್ತಿದ್ದ ನಮ್ಮ ಕಿವಿಗೂ ಬಿದ್ದಿತ್ತು.

ಆದರೆ ನಾನು ಕಿಟಕಿಯ ಪಕ್ಕ ಕೂರಲು ಹಟ ಮಾಡುವುದು ಯಲಿಯೂರಿನಿಂದ ಪಾಂಡವಪುರದವರೆಗಿನ ದಾರಿಗಾಗಿ. ಅಲ್ಲಿ ಕಬ್ಬಿನ ಗದ್ದೆಗಳ ನಡುವೆ ಬೆಲ್ಲ ಮಾಡುವ ಆಲೆಮನೆಗಳ ಹೊಗೆ ಕಾಣುತ್ತದೆ. ಯಾವ ಆಲೆಮನೆ ಇಂದು ಒಲೆ ಹೊತ್ತಿಸಿದೆ, ಯಾವುದು ವಾರದಿಂದ ತಣ್ಣಗಿದೆ, ಯಾವ ಗದ್ದೆಯಲ್ಲಿ ಕಟಾವು ಮುಗಿದು ಕೂಳೆ ಚಿಗುರಿದೆ ಎಂಬುದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡುತ್ತೇನೆ. ಹೆಚ್ಚೆಂದರೆ ಎರಡು ಮೂರು ಸಾಲು. ಮೊದಲ ತಿಂಗಳು ಇದರಿಂದೇನು ಪ್ರಯೋಜನವೆಂದು ನನಗೂ ತಿಳಿದಿರಲಿಲ್ಲ. ನಾಲ್ಕಾರು ತಿಂಗಳ ಪುಟಗಳನ್ನು ಒಟ್ಟಿಗೆ ತಿರುವಿದಾಗ, ಕಾಲುವೆಗೆ ನೀರು ಬಿಟ್ಟ ದಿನಗಳು, ಹಬ್ಬದ ಮುಂಚಿನ ಬೇಡಿಕೆ, ಮಳೆ ಹಿಡಿದು ಒಲೆ ಆರಿದ ವಾರಗಳು ತಾವಾಗಿ ಎದ್ದು ಕಂಡವು.

ಆಲೆಮನೆಯ ಮೇಲೆ ಇಷ್ಟೊಂದು ಆಸಕ್ತಿ ಯಾಕೆಂದರೆ, ನಮ್ಮ ತಾತನಿಗೆ ಒಂದು ಆಲೆಮನೆ ಇತ್ತು. ನಾನು ಪ್ರೌಢಶಾಲೆ ಸೇರುವ ಹೊತ್ತಿಗೆ ಅದು ನಿಂತುಹೋಯಿತು. ಅದಕ್ಕೂ ಮುಂಚಿನ ನೆನಪುಗಳು ಚೆನ್ನಾಗಿ ಉಳಿದಿವೆ. ಗಾಣದಿಂದ ಹಾಲು ಇಳಿದು ತೊಟ್ಟಿ ಸೇರುತ್ತಿತ್ತು (ನಮ್ಮ ಕಡೆ ಕಬ್ಬಿನ ರಸವನ್ನು ಹಾಲು ಎನ್ನುತ್ತಾರೆ). ಅದನ್ನು ಕೊಪ್ಪರಿಗೆಗೆ ತುಂಬಿ ಉರಿ ಹಾಕಿದ ಮೇಲೆ, ತಾತ ಸುಣ್ಣದ ತಿಳಿಯನ್ನು ಅಳತೆಯಿಲ್ಲದೆ, ಹಾಲಿನ ಬಣ್ಣ ನೋಡಿಕೊಂಡು ಸುರಿಯುತ್ತಿದ್ದರು. ಬೆಂಡೆ ಗಿಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ ತೆಗೆದ ಲೋಳೆಯನ್ನು ಹಾಕಿದ ಕೂಡಲೇ ಕೊಳೆಯೆಲ್ಲ ಮೇಲಕ್ಕೆ ಬಂದು ದಪ್ಪಗೆ ಕಟ್ಟುತ್ತಿತ್ತು. ಅದನ್ನು ಜಾಲರಿ ಸೌಟಿನಿಂದ ಬಾಚಿ ತೆಗೆದರೆ ಕೆಳಗಿನ ರಸ ತಿಳಿಯಾಗಿ ಹೊಳೆಯುತ್ತಿತ್ತು. ಉಕ್ಕು ಮೇಲೇರಿ ಬಂದಾಗ ಎರಡು ಹನಿ ಹರಳೆಣ್ಣೆ ಬಿಟ್ಟರೆ ತಕ್ಷಣ ಕೂರುತ್ತಿತ್ತು. ಕೊನೆಗೆ ಬಟ್ಟಲಿನ ತಣ್ಣೀರಿಗೆ ಒಂದಿಷ್ಟು ಪಾಕ ಬಿಟ್ಟು, ಎರಡು ಬೆರಳಿನಿಂದ ಉಂಡೆ ಕಟ್ಟಿ, ಅದನ್ನು ಬಟ್ಟಲಿನ ಅಂಚಿಗೆ ಹೊಡೆದು ಸದ್ದು ಕೇಳುತ್ತಿದ್ದರು. 'ಟಣ್' ಎಂದರೆ ಪಾಕ ಬಂದಿದೆ. ಆಮೇಲೆ ಯಾರೂ ಮಾತನಾಡುವಂತಿರಲಿಲ್ಲ. ಕೊಪ್ಪರಿಗೆ ಇಳಿಸಿ ಪಾಕವನ್ನು ತೊಟ್ಟಿಗೆ ಸುರಿಯುವವರೆಗೆ ಎಲ್ಲರ ಕಣ್ಣೂ ಅದರ ಮೇಲೆಯೇ.

ಎರಡನೆಯ ವರ್ಷದಲ್ಲಿ ಸುಕ್ರೋಸ್ (ಕಬ್ಬಿನ ಸಕ್ಕರೆ) ಆಮ್ಲದಲ್ಲಿ ಕಾದಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ ಎಂಬ ಪಾಠ ಬಂತು. ಪ್ರಯೋಗಾಲಯದಲ್ಲಿ ಅದರ ವೇಗವನ್ನು ಅಳೆದೆವು, ಅಂಕವೂ ಬಂತು. ಆ ದಿನ ಸಂಜೆಯ ರೈಲಿನಲ್ಲಿ ಕುಳಿತಿದ್ದಾಗ ತಾತನ ಸುಣ್ಣದ ತಿಳಿ ನೆನಪಾಯಿತು. ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ಹಾಗೆಯೇ ಕಾಯಿಸಿದರೆ ಸಕ್ಕರೆ ಒಡೆದು, ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಸುಣ್ಣ ಆ ಹುಳಿಯನ್ನು ತಗ್ಗಿಸುತ್ತದೆ. ತಾತ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ, ಆದರೂ ಈ ಕೆಲಸವನ್ನು ಜೀವನವಿಡೀ ಕರಾರುವಾಕ್ಕಾಗಿ ಮಾಡಿದರು. ಅವರು ಬಣ್ಣ ನೋಡಿ ಎಷ್ಟು ಹಾಕುತ್ತಿದ್ದರು, ಯಾವ ಕಬ್ಬಿಗೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂಬುದನ್ನು ಯಾರೂ ಬರೆದಿಡಲಿಲ್ಲ. ಈಗ ತಾತ ಇಲ್ಲ.

ಆದ್ದರಿಂದ ನಮ್ಮ ಸುತ್ತಿನ ಆಲೆಮನೆಗಳಲ್ಲಿ ಪಾಕ ನೋಡುವ ಹಿರಿಯರ ತಿಳಿವಳಿಕೆಯನ್ನು ಬರೆದಿಡಬೇಕೆಂಬುದು ನನ್ನ ಆಸೆ. ಪಠ್ಯದಲ್ಲಿ ಇದಕ್ಕೆ ಅಂಕವಿಲ್ಲ. ಉದ್ಯೋಗ ಸಂದರ್ಶನದ ತರಬೇತಿಯಲ್ಲಿ ನನ್ನ ಆಸಕ್ತಿ ಇದೆಂದು ಹೇಳಿದಾಗ, ಬೇರೇನಾದರೂ ಹೇಳು ಎಂಬ ಸಲಹೆ ಬಂತು. ನಾನು ಬದಲಾಯಿಸಲಿಲ್ಲ. ನಿಮ್ಮಲ್ಲಿ ಯಾರಾದರೂ ಓದಿನ ನಡುವೆ ಇಂಥ ಆಸಕ್ತಿಯನ್ನು ಉಳಿಸಿಕೊಂಡಿದ್ದರೆ, ಹೇಗೆ ಉಳಿಸಿಕೊಂಡಿರಿ ಎಂದು ತಿಳಿಸಿ.

ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ:

ನಿಮ್ಮ ಬರಹವನ್ನು ಎರಡು ಸಲ ಓದಿದೆ. ರಸಾಯನಶಾಸ್ತ್ರವನ್ನು ಬಹುಕಾಲ ಬೋಧಿಸಿದ ನನಗೆ, ಒಂದು ಪಾಠ ವಿದ್ಯಾರ್ಥಿಯ ಮನೆಯವರೆಗೆ ತಲುಪಿದ್ದನ್ನು ಕಾಣುವುದಕ್ಕಿಂತ ದೊಡ್ಡ ಸಂತೋಷವಿಲ್ಲ.

ನಿಮ್ಮ ತಾತನವರ ಕೆಲಸದ ಹಿಂದಿನ ಕಾರಣಗಳಿಗೆ ಸ್ವಲ್ಪ ಸೇರಿಸುತ್ತೇನೆ. ತಾಜಾ ಕಬ್ಬಿನ ಹಾಲಿನ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5.2ರಿಂದ 5.5ರ ನಡುವೆ ಇರುತ್ತದೆ. ಸುಣ್ಣದ ತಿಳಿ ಅದನ್ನು 6ರ ಮೇಲಕ್ಕೆ ತರುತ್ತದೆ. ಜೊತೆಗೆ ರಸದಲ್ಲಿರುವ ಪ್ರೋಟೀನಿನಂಥ ಪದಾರ್ಥಗಳು ಹೆಪ್ಪುಗಟ್ಟಲು ಸಹಾಯ ಮಾಡುತ್ತದೆ. ಬೆಂಡೆಯ ಲೋಳೆ ಹೀಗೆ ಹೆಪ್ಪುಗಟ್ಟಿದ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮೇಲಕ್ಕೆ ತರುತ್ತದೆ. ಸುಣ್ಣ ಹೆಚ್ಚಾದರೆ ಬೆಲ್ಲದ ಬಣ್ಣ ಕಪ್ಪಾಗುತ್ತದೆ, ಕಡಿಮೆಯಾದರೆ ಬೆಲ್ಲ ನಿಲ್ಲುವುದಿಲ್ಲ. ಹೀಗಿರುವಾಗ ಬಣ್ಣವನ್ನೇ ನೋಡಿ ಪ್ರಮಾಣ ನಿರ್ಧರಿಸುವುದು ಅಂದಾಜಿನ ಕೆಲಸವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರಸದ ಬಣ್ಣ ಪಿಎಚ್ ಏರಿದಂತೆ ಬದಲಾಗುತ್ತದೆ. ನಿಮ್ಮ ತಾತ ನೋಡುತ್ತಿದ್ದದ್ದು ಅದನ್ನೇ.

ಪಾಕದ ವಿಷಯದಲ್ಲೂ ಹಾಗೆಯೇ. ದ್ರವರೂಪದ ಬೆಲ್ಲಕ್ಕೆ 105–106 ಡಿಗ್ರಿ ಸೆಲ್ಸಿಯಸ್ ಸಾಕು. ಅಚ್ಚಿಗೆ ಹಾಕುವ ಗಟ್ಟಿ ಬೆಲ್ಲಕ್ಕೆ 116ರಿಂದ 118 ಡಿಗ್ರಿ ಬೇಕು. ಪುಡಿಬೆಲ್ಲಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ಎರಡು ಮೂರು ಡಿಗ್ರಿಗಳ ವ್ಯತ್ಯಾಸವನ್ನು ಬೆರಳು ಮತ್ತು ಕಿವಿ ಗುರುತಿಸುತ್ತವೆ. ನೀವು ಆಲೆಮನೆಗೆ ಹೋದಾಗ ಒಂದು ಥರ್ಮಾಮೀಟರ್, ಪಿಎಚ್ ಕಾಗದ, ಸಾಧ್ಯವಾದರೆ ರಸದ ಸಿಹಿಯನ್ನು ಅಳೆಯುವ ಬ್ರಿಕ್ಸ್ ಮಾಪಕ ಕೊಂಡೊಯ್ಯಿರಿ. ಆದರೆ ಮೊದಲು ಹಿರಿಯರು ಏನು ಹೇಳುತ್ತಾರೋ ಅದನ್ನು ಬರೆದುಕೊಂಡು, ಆಮೇಲೆ ಅಳತೆ ತೆಗೆದುಕೊಳ್ಳಿ. ಮೊದಲೇ ಅಂಕಿ ಕಣ್ಣಿಗೆ ಬಿದ್ದರೆ ಅವರ ಮಾತನ್ನು ನೀವು ಅಂಕಿಗೆ ಹೊಂದಿಸಿಕೊಂಡು ಕೇಳಿಸಿಕೊಳ್ಳುತ್ತೀರಿ.

ಇನ್ನೊಂದು ವಿಷಯ. ಬೆಲ್ಲ ಹಳದಿಯಾಗಿ ಹೊಳೆಯಲಿ ಎಂದು ಹಲವೆಡೆ 'ಹೈಡ್ರೋಸ್' ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್. ಬಣ್ಣ ತೆಗೆಯುವ ರಾಸಾಯನಿಕ. ಇದರ ಬಗ್ಗೆಯೂ ಬರೆಯಿರಿ, ಬೆಲ್ಲ ಮಾಡುವವರನ್ನು ದೂರುವ ಧಾಟಿಯಲ್ಲಿ ಮಾತ್ರ ಬೇಡ. ಕಂದು ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಸಿಗದಿದ್ದರೆ ಅವರು ಮಾಡುವುದಾದರೂ ಏನು? ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಲ್ಲದ ಪಾರ್ಕ್ ಇದೆ. ರಾಸಾಯನಿಕವಿಲ್ಲದೆ ಬೆಲ್ಲ ಮಾಡುವ ವಿಧಾನವನ್ನು ಅಲ್ಲಿ ನೋಡಬಹುದು. ಮೈಸೂರಿನಲ್ಲಿ 1950ರಿಂದ ಚೆಲುವಾಂಬ ವಿಲಾಸದಲ್ಲಿರುವ ಸಿಎಫ್‌ಟಿಆರ್‌ಐ ಸಂಸ್ಥೆಯಂತೂ ಆಹಾರ ವಿಜ್ಞಾನಕ್ಕೇ ಮೀಸಲಾದದ್ದು. ನಿಮ್ಮ ದಾರಿಯ ಎರಡು ತುದಿಯಲ್ಲೂ ನಿಮ್ಮ ಆಸಕ್ತಿಗೆ ಬೇಕಾದ ಸಂಸ್ಥೆಗಳಿವೆ ಎಂಬುದು ಸಣ್ಣ ಅನುಕೂಲವಲ್ಲ.

ಮದ್ದೂರು ಕಡೆಯ ಬಿ.ಎಡ್. ವಿದ್ಯಾರ್ಥಿ:

ಅಕ್ಕ, ನಿಮ್ಮ ಬರಹ ಇಷ್ಟವಾಯಿತು. ಆದರೆ ಮೊದಲ ಪ್ಯಾರಾದ ಮಾತನ್ನು ನಾನು ಒಪ್ಪಲಾರೆ. ಓಡಾಟದಲ್ಲೇ ಆಸಕ್ತಿ ಬೆಳೆಯಿತು ಎಂದಿದ್ದೀರಿ. ರೈಲಿನಲ್ಲಿ ಕೂರಲು ಜಾಗ, ಸಂಜೆ ಮನೆಗೆ ಹೋದರೆ ಊಟ, ಇವೆರಡೂ ಇರುವವರ ಮಾತದು. ನಾನು ಮೈಸೂರಿನಲ್ಲಿ ಮೂವರ ಜೊತೆ ಒಂದು ಕೋಣೆಯಲ್ಲಿದ್ದೇನೆ. ಬೆಳಗ್ಗೆ ತರಗತಿ, ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಒಂದು ಹೋಟೆಲಿನಲ್ಲಿ ಬಿಲ್ಲು ಬರೆಯುವ ಕೆಲಸ. ಬಾಡಿಗೆ ಮತ್ತು ಪುಸ್ತಕದ ಖರ್ಚು ಅದರಿಂದಲೇ ನಡೆಯಬೇಕು. ನನಗೆ ಆಸಕ್ತಿ ಇರಲಿಲ್ಲ ಎಂದಲ್ಲ.

ನನ್ನ ಸೋದರಮಾವನ ಊರು ಕೊಕ್ಕರೆ ಬೆಳ್ಳೂರು. ರಜೆಯಲ್ಲಿ ಅಲ್ಲಿಗೆ ಹೋದರೆ ಮನೆಯ ಮುಂದಿನ ಹುಣಸೆ ಮರದ ತುಂಬ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು), ಬಣ್ಣದ ಕೊಕ್ಕರೆಗಳು. ಚಳಿಗಾಲದಲ್ಲಿ ಬಂದು ಗೂಡು ಕಟ್ಟಿದರೆ ಮಳೆಗಾಲದ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಮರದ ಕೆಳಗೆಲ್ಲ ಹಿಕ್ಕೆ, ನಾತ, ಗದ್ದಲ. ಆದರೂ ಊರಿನವರು ಕಲ್ಲು ಎತ್ತಿದ್ದನ್ನು ನಾನು ಕಂಡಿಲ್ಲ. ಆ ಹಿಕ್ಕೆಯನ್ನೇ ಗೊಬ್ಬರ ಮಾಡಿಕೊಳ್ಳುತ್ತಿದ್ದರು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿ ಕಟ್ಟಿದ ಜಾಗದಲ್ಲಿಟ್ಟು ಮೀನು ಹಾಕಿ ಸಾಕುತ್ತಿದ್ದುದನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಪಿಯುಸಿಯವರೆಗೂ ಯಾವ ಹಕ್ಕಿ ಎಂದು ಬಂತು, ಯಾವ ಮರದಲ್ಲಿ ಎಷ್ಟು ಗೂಡು ಎಂದು ಬರೆಯುತ್ತಿದ್ದೆ. ಈಗ ಆ ಪುಸ್ತಕ ಊರಿನ ಅಟ್ಟದ ಮೇಲಿದೆ. ಕೆಲಸ ಮುಗಿಸಿ ಕೋಣೆಗೆ ಬಂದಾಗ ಹಕ್ಕಿಗಳೂ ಮಲಗಿರುತ್ತವೆ.

ಹೀಗೆ ಹೇಳುವುದು ನಿಮ್ಮನ್ನು ನೋಯಿಸಲು ಅಲ್ಲ. ಆಸಕ್ತಿ ಇದ್ದವರಿಗೆ ಸಮಯ ಸಿಕ್ಕೇ ಸಿಗುತ್ತದೆ ಎಂದು ಬಹಳ ಜನ ನಮಗೆ ಬುದ್ಧಿ ಹೇಳುತ್ತಾರೆ. ಸಿಗದೇ ಇರುವವರು ಸೋಮಾರಿಗಳೆಂಬ ಅರ್ಥ ಆ ಮಾತಿನ ಹಿಂದೆ ಇರುತ್ತದೆ. ಅದನ್ನು ಕೇಳಿ ಕೇಳಿ ಬೇಸತ್ತಿದ್ದೇನೆ.

ಪಾಂಡವಪುರ ತಾಲ್ಲೂಕಿನ ಗೃಹಿಣಿ:

ನಮ್ಮ ಮನೆಯವರು ಇಂದಿಗೂ ಆಲೆಮನೆ ನಡೆಸುತ್ತಿದ್ದಾರೆ. ಹಾಗಾಗಿ ಈ ಚರ್ಚೆಯನ್ನು ಮಗನಿಂದ ಓದಿಸಿ ಕೇಳಿ, ಆಮೇಲೆ ನಾನೇ ಕುಳಿತು ಬರೆಯುತ್ತಿದ್ದೇನೆ.

ತಂಗಿ, ನಿನ್ನ ನೆನಪಿನಲ್ಲಿ ಕೊಪ್ಪರಿಗೆಯ ಪಕ್ಕ ತಾತ ಇದ್ದಾರೆ. ಅಜ್ಜಿ ಎಲ್ಲಿದ್ದರು? ಆಲೆಮನೆಯ ಒಲೆ ಉರಿಯುವುದು ಕಬ್ಬಿನ ಸಿಪ್ಪೆಯಿಂದ. ಗಾಣದಿಂದ ಬಂದ ಹಸಿ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ, ಬಿಸಿಲಿಗೆ ತಿರುವಿ ಹಾಕಿ, ಮೋಡ ಕವಿದರೆ ಓಡಿಹೋಗಿ ಗುಡ್ಡೆ ಮಾಡಿ ಮುಚ್ಚುವುದು ನಮ್ಮಲ್ಲಿ ಹೆಂಗಸರ ಕೆಲಸ. ಸಿಪ್ಪೆ ಒಣಗದಿದ್ದರೆ ಉರಿ ಏಳುವುದಿಲ್ಲ, ಉರಿ ಏಳದಿದ್ದರೆ ಹಾಲು ನಿಧಾನಕ್ಕೆ ಕಾದು ಬೆಲ್ಲ ಕೆಡುತ್ತದೆ. ನೀನು ರೈಲಿನಿಂದ ಹೊಗೆ ನೋಡಿ ಬರೆಯುತ್ತೀಯಲ್ಲ, ಇನ್ನು ಮುಂದೆ ಅದರ ಬಣ್ಣವನ್ನೂ ಬರೆ. ದಟ್ಟವಾಗಿ ಬೆಳ್ಳಗೆ ಎದ್ದರೆ ಸಿಪ್ಪೆ ಹಸಿಯಾಗಿದೆ ಎಂದು ತಿಳಿ. ತೆಳ್ಳಗಿದ್ದರೆ ಚೆನ್ನಾಗಿ ಒಣಗಿದೆ. ಕರ್ರಗೆ ಬಂದರೆ ಟೈರೋ ಮತ್ತೇನೋ ಹಾಕಿದ್ದಾರೆ. ಅದು ಸಿಪ್ಪೆ ಸಾಲದೇ ಹೋದಾಗ ಕೆಲವರು ಮಾಡುವ ಕೆಲಸ, ಮಾಡಬಾರದು.

ಬೆಂಡೆ ಗಿಡ ಬೆಳೆಸುವುದು, ಹೂ ಮುಗಿದ ಗಿಡಗಳನ್ನು ಕಿತ್ತು ಜಜ್ಜಿ ನೆನೆಸುವುದು ನಮ್ಮತ್ತೆಯ ಕಾಲದಿಂದಲೂ ಮನೆಯ ಹೆಂಗಸರದ್ದೇ. ನೀರು ಎಷ್ಟು, ಎಷ್ಟು ಹೊತ್ತು ನೆನೆಯಬೇಕು ಎಂದು ಗಂಡಸರನ್ನು ಕೇಳಿದರೆ ಅವರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಅಚ್ಚಿನ ಮಣೆಗಳನ್ನು ತೊಳೆದು ಒದ್ದೆ ಮಾಡಿ ಇಡದಿದ್ದರೆ ಬೆಲ್ಲ ಬಿಡುವುದಿಲ್ಲ. ಆ ಕೆಲಸವೂ ನಮ್ಮದೇ. ಈಗ ನಮ್ಮಲ್ಲಿ ಪಾಕ ಇಳಿಸಲು ಉತ್ತರ ಭಾರತದಿಂದ ಬಂದ ಕೆಲಸಗಾರರಿದ್ದಾರೆ. ಅವರ ಕೈ ಬೇರೆ, ಬೆಲ್ಲದ ರುಚಿಯೂ ಸ್ವಲ್ಪ ಬೇರೆ. ಅವರನ್ನೂ ಕೇಳು. ಊರಿನ ಹಿರಿಯರ ಹತ್ತಿರ ಮಾತ್ರ ವಿದ್ಯೆ ಇದೆ ಎಂದುಕೊಂಡರೆ ಈಗಿನ ಆಲೆಮನೆಯ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಮದ್ದೂರು ಕಡೆಯ ತಮ್ಮನ ಮಾತೂ ನಿಜ. ನಮ್ಮ ಮಗನೂ ಓದುತ್ತಾ ಗಾಣಕ್ಕೆ ಕಬ್ಬು ಕೊಡುತ್ತಾನೆ. ಅವನಿಗೂ ಚಿತ್ರ ಬರೆಯುವ ಆಸೆ. ವಾರಗಟ್ಟಲೆ ಬಣ್ಣದ ಡಬ್ಬಿ ಮುಚ್ಚಿಯೇ ಇರುತ್ತದೆ. ಇದಕ್ಕೆ ನಾನು ಯಾರನ್ನು ಕೇಳಲಿ?

ಮಂಡ್ಯ–ಮೈಸೂರು ರೈಲಿನ ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದಗಳು. ಸರ್, ಮೊದಲು ಮಾತು, ಆಮೇಲೆ ಅಳತೆ ಎಂಬ ನಿಮ್ಮ ಸಲಹೆಯನ್ನು ಹಾಗೆಯೇ ಪಾಲಿಸುತ್ತೇನೆ. ನಮ್ಮ ಪ್ರಯೋಗಾಲಯದ ಅಭ್ಯಾಸಕ್ಕೆ ಇದು ತಿರುಗುಮುರುಗು; ಅಲ್ಲಿ ನಾವು ಅಂಕಿಯನ್ನು ಬರೆದು ನಂತರ ವಿವರಣೆ ಹುಡುಕುತ್ತೇವೆ.

ಪಾಂಡವಪುರದ ಅಕ್ಕ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಅಜ್ಜಿಯ ಮುಂದಿಟ್ಟೆ. ಅಜ್ಜಿ ಮೊದಲು ನಕ್ಕು, ಆಮೇಲೆ ಊಟ ಮುಗಿದ ಮೇಲೂ ಬಹಳ ಹೊತ್ತು ಮಾತನಾಡಿದರು. ಬೆಂಡೆಯ ಕಾಂಡಕ್ಕಿಂತ ಬೇರಿನ ಹತ್ತಿರದ ಭಾಗದಲ್ಲಿ ಲೋಳೆ ಚೆನ್ನಾಗಿರುತ್ತದಂತೆ. ಬೆಂಡೆ ಸಿಗದ ದಿನಗಳಲ್ಲಿ ಏನು ಮಾಡುತ್ತಿದ್ದರು, ಮಳೆಗಾಲದಲ್ಲಿ ಸಿಪ್ಪೆಯನ್ನು ಎಲ್ಲಿ ಒಟ್ಟುತ್ತಿದ್ದರು, ಬೆಲ್ಲದ ಮೊದಲ ಅಚ್ಚನ್ನು ಯಾರ ಮನೆಗೆ ಕಳುಹಿಸುತ್ತಿದ್ದರು ಎಂಬುದೆಲ್ಲ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಜ್ಜಿಯನ್ನು ಈ ವಿಷಯ ಯಾರೂ ಕೇಳಿರಲಿಲ್ಲ. ನನ್ನ ಪುಸ್ತಕದಲ್ಲಿ ಹೊಗೆಯ ಬಣ್ಣಕ್ಕೆ ಒಂದು ಕಾಲಂ, ಅಜ್ಜಿಯ ಮಾತಿಗೆ ಹಿಂದಿನ ಪುಟಗಳು, ಹೀಗೆ ಜಾಗ ಮಾಡಿದ್ದೇನೆ.

ಮದ್ದೂರಿನ ಸಹೋದರರ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ದುಡಿದು ಓದುವವರ ದಿನ ನನ್ನ ದಿನದಂತಲ್ಲ. ಆದರೆ ನಿಮ್ಮ ಬರಹದಲ್ಲಿ ಹುಣಸೆ ಮರ, ಹಿಕ್ಕೆಯ ಗೊಬ್ಬರ, ಬೇಲಿಯೊಳಗಿನ ಮರಿಗಳು ಇಷ್ಟು ಸ್ಪಷ್ಟವಾಗಿ ಬಂದಿವೆಯೆಂದರೆ ಆ ಆಸಕ್ತಿ ಅಳಿದಿಲ್ಲ. ಅಟ್ಟದ ಮೇಲಿನ ಪುಸ್ತಕವನ್ನು ದಯವಿಟ್ಟು ಇಳಿಸಿ ಜೋಪಾನ ಮಾಡಿ. ಗೂಡು ಎಣಿಸಿ ದಿನಾಂಕ ಹಾಕಿದ ದಾಖಲೆಯನ್ನು ಆಮೇಲೆ ಯಾರೂ ಹೊಸದಾಗಿ ಸೃಷ್ಟಿಸಲಾರರು. ಮುಂದುವರಿಸಲು ಈಗ ಆಗದಿದ್ದರೂ, ಬರೆದದ್ದನ್ನು ಗೆದ್ದಲಿಗೆ ಬಿಡಬಾರದು.

ಮಾನಸ ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿ:

ಬೆಲ್ಲದ ಚರ್ಚೆಗೆ ಮೈಸೂರಿನ ಕಡೆಯಿಂದ ಒಂದು ಸಂಗತಿ ಸೇರಿಸಬೇಕೆನಿಸಿತು. 1891ರಲ್ಲಿ ಸ್ಥಾಪನೆಯಾದ ಇಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಬಂದ ತಾಳೆಗರಿಗಳ ನಡುವೆಯೇ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದ್ದು. ಅದರ ಎರಡನೆಯ ಅಧಿಕರಣದಲ್ಲಿ, ಉಗ್ರಾಣದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ, ಕಬ್ಬಿನಿಂದ ಬರುವ ಪದಾರ್ಥಗಳ ಪಟ್ಟಿ ಇದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಕಾಕಂಬಿಯಂಥ ದ್ರವದಿಂದ ಮೊದಲಾಗಿ ಬೆಲ್ಲ, ಹರಳು ಸಕ್ಕರೆಗಳವರೆಗೆ ಈ ಪಟ್ಟಿ ಸಾಗುತ್ತದೆ. ಉಪನ್ಯಾಸಕರು ಮೇಲೆ ಡಿಗ್ರಿಗಳಲ್ಲಿ ಹೇಳಿದ ಹಂತಗಳನ್ನು ಓದುವಾಗ ನನಗೆ ಈ ಪಟ್ಟಿಯೇ ಕಣ್ಣ ಮುಂದೆ ಬಂತು. ಉಗ್ರಾಣದಲ್ಲಿ ಏನೇನು ಇರಬೇಕೆಂದು ಬರೆದವರು ಇದ್ದರು. ಅದನ್ನು ಕೊಪ್ಪರಿಗೆಯಲ್ಲಿ ಹೇಗೆ ಇಳಿಸುತ್ತಿದ್ದರು ಎಂಬುದರ ಬಗ್ಗೆ ಆ ಪಟ್ಟಿ ಏನನ್ನೂ ಹೇಳುವುದಿಲ್ಲ. ನೀವು ಮಾಡಹೊರಟಿರುವ ಕೆಲಸದ ಜಾಗ ಅದೇ.

ಒಂದು ವ್ಯಾವಹಾರಿಕ ಸಲಹೆ. ಯಾರ ಮಾತನ್ನು ದಾಖಲಿಸುತ್ತೀರೋ ಅವರಿಗೆ ಬರೆದದ್ದನ್ನು ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಧ್ವನಿಮುದ್ರಣ ಮಾಡುವುದಾದರೆ ಮೊದಲೇ ಕೇಳಿ. ಹೇಳಿದವರ ಊರು, ಕಬ್ಬಿನ ತಳಿ, ಹವಾಮಾನ, ಕಟಾವಾಗಿ ಎಷ್ಟು ಹೊತ್ತಿಗೆ ಅರೆದರು ಎಂಬ ನಾಲ್ಕು ವಿವರಗಳು ಪ್ರತಿ ಪುಟದಲ್ಲೂ ಇರಲಿ. ಮಂಡ್ಯದ ಗದ್ದೆಗಳಲ್ಲಿ ಬಹುಕಾಲ ಬೆಳೆದ ಕೋ 62175ರ ಹಾಲು ಮತ್ತು ಈಚಿನ ತಳಿಗಳ ಹಾಲು ಒಂದೇ ರೀತಿ ಕಾಯುವುದಿಲ್ಲವೆಂದು ರೈತರು ಹೇಳುವುದನ್ನು ಕೇಳಿದ್ದೇನೆ. ತಳಿಯ ಹೆಸರಿಲ್ಲದ ಟಿಪ್ಪಣಿ ಆಮೇಲೆ ಹೋಲಿಕೆಗೆ ಬರುವುದಿಲ್ಲ.

ಕುಕ್ಕರಹಳ್ಳಿ ಕೆರೆಯ ವಾಯುವಿಹಾರಿ:

ಮದ್ದೂರಿನ ತಮ್ಮನಿಗೆ ಒಂದೇ ಮಾತು. ಕುಕ್ಕರಹಳ್ಳಿ ಕೆರೆಗೆ ಭಾನುವಾರ ಬೆಳಗ್ಗೆ ಬಂದರೆ ಹೆಜ್ಜಾರ್ಲೆಗಳನ್ನು ಇಲ್ಲಿಯೇ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ಏರಿಯ ಮೇಲೆ ಹಕ್ಕಿಗಳನ್ನು ಗುರುತಿಸಿ ಬರೆದುಕೊಳ್ಳುವವರನ್ನು ನಾನು ಆಗಾಗ ಕಾಣುತ್ತೇನೆ. ಬರುವುದಾದರೆ ದುರ್ಬೀನು ನನ್ನ ಹತ್ತಿರವಿದೆ, ಕೊಡುತ್ತೇನೆ.

ಮದ್ದೂರು ಕಡೆಯ ಬಿ.ಎಡ್. ವಿದ್ಯಾರ್ಥಿ:

ತುಂಬಾ ಧನ್ಯವಾದಗಳು ಸರ್. ಭಾನುವಾರ ಬೆಳಗ್ಗೆ ನನಗೆ ಕೆಲಸವಿರುವುದಿಲ್ಲ. ನಿದ್ದೆಗೆ ಇಟ್ಟುಕೊಂಡ ಹೊತ್ತದು. ಒಂದು ವಾರ ಬಿಟ್ಟು ಒಂದು ವಾರ ಬರಬಹುದು ಎನಿಸುತ್ತಿದೆ. ಅಟ್ಟದ ಪುಸ್ತಕದ ವಿಷಯವನ್ನು ಮನೆಗೆ ಫೋನ್ ಮಾಡಿ ಹೇಳಿದೆ. ತಂಗಿ ಇಳಿಸಿ, ಪುಟಗಳ ಫೋಟೊ ತೆಗೆದು ಕಳುಹಿಸಿದ್ದಾಳೆ. ಕೆಲವು ಅಂಚು ತಿಂದುಹೋಗಿವೆ, ದಿನಾಂಕಗಳು ಉಳಿದಿವೆ.

ಅಕ್ಕ, ಸಮಯದ ಬಗ್ಗೆ ನನ್ನ ಮಾತನ್ನು ನಾನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಒಂದು ಪ್ರಶ್ನೆ ಹೊಳೆದಿದೆ. ನಾನು ಮುಂದೆ ಶಿಕ್ಷಕನಾಗುವವನು. ಬೋಧನಾ ಅಭ್ಯಾಸಕ್ಕೆ ನಮ್ಮನ್ನು ಶಾಲೆಗಳಿಗೆ ಕಳುಹಿಸುತ್ತಾರೆ. ಪಾಠದ ಯೋಜನೆಯಲ್ಲಿ ಮಕ್ಕಳಿಗೆ ತಮ್ಮ ಮನೆಯ ಸುತ್ತಿನ ಒಂದು ಕೆಲಸವನ್ನೋ ಒಂದು ಮರವನ್ನೋ ತಿಂಗಳ ಕಾಲ ನೋಡಿ ಬರೆಯಲು ಕೊಟ್ಟರೆ ಹೇಗೆ? ಆಗ ಇದು ಪಠ್ಯದ ಹೊರಗಿನದ್ದಾಗುವುದಿಲ್ಲ. ದುಡಿಯುವ ಮನೆಯ ಮಗುವಿಗೂ ಶಾಲೆಯ ಹೊತ್ತಿನಲ್ಲೇ ಜಾಗ ಸಿಗುತ್ತದೆ.

ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ:

ಈ ಯೋಚನೆ ಬಹಳ ಒಳ್ಳೆಯದು. ಒಂದು ಎಚ್ಚರಿಕೆ ಇರಲಿ: ಅದಕ್ಕೆ ಅಂಕ ಕೊಡಬೇಡಿ. ಅಂಕ ಬಂದರೆ ಮಕ್ಕಳು ಮರ ನೋಡದೆ ಒಬ್ಬರ ಪುಸ್ತಕ ನೋಡಿ ಇನ್ನೊಬ್ಬರು ಬರೆಯುತ್ತಾರೆ. ನಾನು ಪ್ರಯೋಗದ ದಾಖಲೆ ಪುಸ್ತಕಗಳಲ್ಲಿ ಇದನ್ನು ವರ್ಷಗಟ್ಟಲೆ ಕಂಡಿದ್ದೇನೆ. ಮಕ್ಕಳು ಬರೆದದ್ದನ್ನು ತರಗತಿಯಲ್ಲಿ ಜೋರಾಗಿ ಓದಿಸಿ, ಕೇಳಿದವರು ಪ್ರಶ್ನೆ ಹಾಕಲಿ.

ಮಂಡ್ಯ–ಮೈಸೂರು ರೈಲಿನ ವಿದ್ಯಾರ್ಥಿನಿ:

ಬಿ.ಎಡ್. ಸಹೋದರರೇ, ನಿಮ್ಮ ಪಾಠದ ಯೋಜನೆ ಸಿದ್ಧವಾದರೆ ಇಲ್ಲಿ ಹಾಕಿ. ನಮ್ಮೂರಿನ ಶಾಲೆಯ ಮೇಷ್ಟರಿಗೂ ತೋರಿಸುತ್ತೇನೆ.

ನನ್ನ ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಆಲೆಮನೆಗಳಿಗೆ ಹೋಗಲು ಶುರು ಮಾಡುತ್ತೇನೆ. ಸಂಶೋಧನಾ ವಿದ್ಯಾರ್ಥಿಗಳು ಹೇಳಿದ ನಾಲ್ಕು ವಿವರಗಳ ಜೊತೆಗೆ, ಸಿಪ್ಪೆ ಒಣಗಿಸಿದವರು ಯಾರು, ಬೆಂಡೆ ನೆನೆಸಿದವರು ಯಾರು ಎಂಬ ಎರಡು ಸಾಲು ಸೇರಿಸಿ ಒಂದು ಪುಟದ ನಮೂನೆ ಮಾಡಿಕೊಂಡಿದ್ದೇನೆ. ಪಾಂಡವಪುರದ ಅಕ್ಕ, ನಿಮ್ಮ ಆಲೆಮನೆಗೆ ಬರಲು ಅನುಮತಿ ಬೇಕು. ಯಾವ ಹೊತ್ತಿಗೆ ಬಂದರೆ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ?

ಪಾಂಡವಪುರ ತಾಲ್ಲೂಕಿನ ಗೃಹಿಣಿ:

ಬಾ ತಂಗಿ, ಅನುಮತಿ ಯಾಕೆ. ಬೆಳಗಿನ ಜಾವ ಮೊದಲ ಕೊಪ್ಪರಿಗೆಗೆ ಹಾಲು ತುಂಬಿ ಉರಿ ಹಾಕುತ್ತೇವೆ. ಕೊಳೆ ತೆಗೆದಾದ ಮೇಲೆ ಪಾಕ ಬರುವವರೆಗೆ ಒಂದಿಷ್ಟು ಬಿಡುವಿರುತ್ತದೆ. ಕೇಳುವುದನ್ನೆಲ್ಲ ಆಗ ಕೇಳು. ಪಾಕ ನೋಡುವಾಗ ಮಾತ್ರ ಯಾರನ್ನೂ ಮಾತನಾಡಿಸಬೇಡ. ಅಮಾವಾಸ್ಯೆಯ ದಿನ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಅದನ್ನು ನೋಡಿಕೊಂಡು ಬಾ. ಅಜ್ಜಿಯನ್ನೂ ಕರೆದುಕೊಂಡು ಬಂದರೆ ಬೆಂಡೆ ಬೇರಿನ ವಿಷಯ ನಾನೂ ಅವರನ್ನು ಕೇಳಬೇಕು. ನಮ್ಮತ್ತೆ ಕಾಂಡವನ್ನೇ ಬಳಸುತ್ತಿದ್ದರು.